ಅಂತರ್ಜಾಲ ಅರ್ಜಿಯ ಟಿಕ್ ಗುರುತು: ಖಾಲಿ ಬಿಟ್ಟ ಚೌಕ ಏನಾಗುತ್ತದೆ?



ಸಂಘದ ಹಾಲು ಶೇಖರಣಾ ರಿಜಿಸ್ಟರನ್ನು ನೀವೆಲ್ಲರೂ ನೋಡಿದ್ದೀರಿ. ನಿಮ್ಮ ಸದಸ್ಯತ್ವ ಸಂಖ್ಯೆಯ ಮುಂದೆ ಬೆಳಿಗ್ಗೆಗೊಂದು, ಸಂಜೆಗೊಂದು ಅಂಕಣ. ಹಾಲು ಹಾಕಿದ ಹೊತ್ತು ಲೀಟರು, ಫ್ಯಾಟು, ಎಸ್.ಎನ್.ಎಫ್. ಅಲ್ಲಿ ಬರುತ್ತದೆ. ಹಾಲು ಹಾಕದ ಹೊತ್ತು ಶಿಸ್ತಿನ ಕಾರ್ಯದರ್ಶಿಯಾದರೆ ಒಂದು ಅಡ್ಡ ಗೆರೆ ಎಳೆಯುತ್ತಾರೆ. ಗೆರೆ ಇದ್ದರೆ ಈ ಸದಸ್ಯರು ಈ ಹೊತ್ತು ಹಾಲು ತಂದಿಲ್ಲವೆಂದು ಸ್ಪಷ್ಟ. ಆದರೆ ಅಂಕಿಯೂ ಇಲ್ಲ, ಗೆರೆಯೂ ಇಲ್ಲ, ಅಂಕಣ ಬರಿದಾಗಿದೆ ಎಂದಾದರೆ? ಹಾಲು ತರಲೇ ಇಲ್ಲವೋ, ತಂದದ್ದನ್ನು ಬರೆಯಲು ಮರೆತರೋ ಹೇಳುವವರು ಯಾರು? ಬಟವಾಡೆಯ ದಿನ ಸಂಘದ ಕಟ್ಟೆಯ ಮೇಲೆ ಏಳುವ ಮಾತಿಗೆ ಎಷ್ಟೋ ಸಲ ಇಂಥ ಒಂದು ಬರಿದಾದ ಅಂಕಣವೇ ಕಾರಣವಾಗಿರುತ್ತದೆ.

ಬರಿದಾದುದನ್ನು ಸೊನ್ನೆ ಎಂದು ಓದಿದರೆ ಆಗುವ ನಷ್ಟವನ್ನೂ ಲೆಕ್ಕ ಹಾಕಿ ನೋಡಿ. ನಾಲ್ಕು ಹೊತ್ತಿನ ಪೈಕಿ ಮೂರು ಹೊತ್ತು ಫ್ಯಾಟು 4.0, 4.2, 3.8 ಬಂದಿದೆ. ಒಂದು ಹೊತ್ತು ಯಂತ್ರ ಕೆಟ್ಟು ಪರೀಕ್ಷೆ ಆಗಲಿಲ್ಲ. ಮೂರರ ಸರಾಸರಿ 4.0. ಪರೀಕ್ಷೆಯಾಗದ ಹೊತ್ತನ್ನು ಸೊನ್ನೆ ಎಂದು ಹಿಡಿದು ನಾಲ್ಕರಿಂದ ಭಾಗಿಸಿದರೆ ಸರಾಸರಿ 3.0ಕ್ಕೆ ಇಳಿಯುತ್ತದೆ. ಹಸು ಅದೇ, ಹಾಲು ಅದೇ.

ಅಂತರ್ಜಾಲದ ಅರ್ಜಿಗಳಲ್ಲಿ ಬರುವ ಟಿಕ್ ಗುರುತಿನ ಚೌಕಗಳಲ್ಲಿ ಇದೇ ತೊಂದರೆ ಕಣ್ಣಿಗೆ ಕಾಣದಂತೆ ಅಡಗಿದೆ. ಇಂದು ಅರ್ಜಿಗಳು ಬಹುಪಾಲು ಕಾಗದದಿಂದ ಮೊಬೈಲಿಗೆ ಬಂದಿವೆ. ಯಶಸ್ವಿನಿ ಇರಲಿ, ರಾಸು ವಿಮೆ ಇರಲಿ, ಮಕ್ಕಳ ವಿದ್ಯಾರ್ಥಿವೇತನ ಇರಲಿ, ಎಲ್ಲದರಲ್ಲೂ "ಅನ್ವಯಿಸಿದಲ್ಲಿ ಟಿಕ್ ಮಾಡಿ" ಎಂಬ ಸಣ್ಣ ಚೌಕಗಳ ಸಾಲೊಂದು ಬಂದೇ ಬರುತ್ತದೆ. ನೀವು ಟಿಕ್ ಮಾಡಿದ ಚೌಕ ಎಲ್ಲಿ ಹೋಗಿ ಕೂರುತ್ತದೆ, ಮಾಡದ ಚೌಕ ಏನಾಗುತ್ತದೆ, ಹೋದ ವರ್ಷ ಮಾಡಿದ್ದನ್ನು ಈ ವರ್ಷ ತೆಗೆದರೆ ಅದು ನಿಜವಾಗಿ ಹೋಗುತ್ತದೆಯೇ ಎಂಬುದನ್ನು ತಿಳಿದಿರುವುದು ಒಳ್ಳೆಯದು. ವಿಷಯ ಕಂಪ್ಯೂಟರಿನವರದ್ದೆಂದು ಪುಟ ತಿರುಗಿಸಬೇಡಿ. ದುಡ್ಡು ನಿಮ್ಮದು, ರಾಸು ನಿಮ್ಮದು.

ಒಂದು ಉದಾಹರಣೆ

ನಮ್ಮ ಸದಸ್ಯರ ಮಕ್ಕಳಲ್ಲಿ ಅನೇಕರು ಓದಿಗೋ ಕೆಲಸಕ್ಕೋ ಮತ್ತಿಕೆರೆ, ಯಶವಂತಪುರ, ಯಲಹಂಕದ ಕಡೆ ಕೋಣೆ ಮಾಡಿಕೊಂಡಿದ್ದಾರೆ. ಮತ್ತಿಕೆರೆಯೂ ಒಂದು ಕಾಲಕ್ಕೆ ಕೆರೆ, ಹೊಲ, ಕೊಟ್ಟಿಗೆಗಳಿದ್ದ ಹಳ್ಳಿಯೇ. ಆ ಕೆರೆಯ ಅಂಗಳದಲ್ಲಿ ಈಗ ಜಯಪ್ರಕಾಶ ನಾರಾಯಣರ ಹೆಸರಿನ ದೊಡ್ಡ ಉದ್ಯಾನವಿದೆ. ಊರಿನಲ್ಲಿರುವ ತಂದೆಯ ಅರ್ಜಿಯನ್ನು ಅಲ್ಲಿ ಕುಳಿತ ಮಗನೋ ಮಗಳೋ ಮೊಬೈಲಿನಲ್ಲಿ ತುಂಬುವುದು ಈಗ ಸಾಮಾನ್ಯ. ಹಸು ಇರುವುದು ಮಾಗಡಿ ಕಡೆಯ ಕೊಟ್ಟಿಗೆಯಲ್ಲಿ, ಟಿಕ್ ಬೀಳುವುದು ಮತ್ತಿಕೆರೆಯಲ್ಲಿ. ಫೋನಿನಲ್ಲಿ ನಡೆಯುವ ಮಾತು ಹೀಗಿರಬಹುದು:

"ಅಪ್ಪಾ, ಗೌರಿಗೆ ಕಾಲುಬಾಯಿ ಲಸಿಕೆ ಹಾಕ್ಸಿದ್ಯಾ?"

"ಹಾಕ್ಸಿದೀನಿ."

"ವಿಮೆ?"

"ಅದು ಹೋದ ವರ್ಷ ಮಾಡ್ಸಿದ್ದೆ. ಈ ವರ್ಷ ಇನ್ನೂ ಇಲ್ಲ ಕಣೋ."

"ಕಂದುರೋಗದ ಲಸಿಕೆ ಅಂತ ಕೇಳ್ತಾ ಇದೆ."

"ಅದು ಗೊತ್ತಿಲ್ಲ, ಡಾಕ್ಟ್ರನ್ನೇ ಕೇಳ್ಬೇಕು. ಬಿಟ್ಟು ಮುಂದಕ್ಕೆ ಹೋಗು."

ಮಗ ಮೊದಲನೆಯ ಚೌಕಕ್ಕೆ ಟಿಕ್ ಹಾಕುತ್ತಾನೆ. ವಿಮೆಯ ಚೌಕದಲ್ಲಿ ಹೋದ ವರ್ಷದ ಟಿಕ್ ಇತ್ತು, ಅದನ್ನು ತೆಗೆಯುತ್ತಾನೆ. ಮೂರನೆಯದನ್ನು ಮುಟ್ಟುವುದಿಲ್ಲ. ತಂದೆ ಕೊಟ್ಟ ಉತ್ತರಗಳು ಮೂರು ಬಗೆಯವು: ಹೌದು, ಇಲ್ಲ, ಗೊತ್ತಿಲ್ಲ. ಪರದೆಯ ಮೇಲೆ ಕಾಣುವುದು ಎರಡೇ ಬಗೆ: ಟಿಕ್ ಇರುವ ಚೌಕ, ಟಿಕ್ ಇಲ್ಲದ ಚೌಕ. "ಸಲ್ಲಿಸಿ" ಎಂಬ ಗುಂಡಿ ಒತ್ತಿದ ಮೇಲೆ ಮೊಬೈಲಿನಿಂದ ಹೊರಟು ಹೋಗುವುದು ಒಂದೇ ಒಂದು ಮಾತು: ಕಾಲುಬಾಯಿ, ಹೌದು. ಉಳಿದ ಎರಡು ಚೌಕಗಳ ಬಗ್ಗೆ ಮೊಬೈಲು ಏನನ್ನೂ ಕಳುಹಿಸುವುದಿಲ್ಲ. "ಇಲ್ಲ" ಎಂದೂ ಕಳುಹಿಸುವುದಿಲ್ಲ.

ಇದು ಯಾರೋ ಮಾಡಿದ ತಪ್ಪಲ್ಲ, ನಿಯಮವೇ ಹಾಗಿದೆ. ಅಂತರ್ಜಾಲದ ಪುಟಗಳನ್ನು ಬರೆಯುವ ಎಚ್.ಟಿ.ಎಂ.ಎಲ್. ಭಾಷೆಯ ಎರಡನೆಯ ಆವೃತ್ತಿಯ ನಿಯಮಾವಳಿ 1995ರ ನವೆಂಬರಿನಲ್ಲಿ ಪ್ರಕಟವಾಯಿತು. ಟಿಮ್ ಬರ್ನರ್ಸ್ ಲೀ ಮತ್ತು ಡ್ಯಾನ್ ಕನಾಲಿ ಅದನ್ನು ಬರೆದವರು. ಟಿಕ್ ಮಾಡದ ಚೌಕಗಳು ಕಳುಹಿಸುವ ಮಾಹಿತಿಯಲ್ಲಿ ಇರಬಾರದೆಂದು ಅದರಲ್ಲೇ ಹೇಳಿದೆ. ಇಂದಿಗೂ ಪದ್ಧತಿ ಅದೇ. ಕಾಗದದ ಅರ್ಜಿಯಲ್ಲಾದರೆ ಖಾಲಿ ಚೌಕವಾದರೂ ಕಚೇರಿಗೆ ಹೋಗಿ ತಲುಪುತ್ತಿತ್ತು. ಗುಮಾಸ್ತರು ಅದನ್ನು ನೋಡಿ "ಇದೇಕೆ ಬಿಟ್ಟಿದ್ದೀರಿ?" ಎಂದು ಕೇಳುವ ಸಾಧ್ಯತೆ ಇತ್ತು. ಇಲ್ಲಿ ಚೌಕವೇ ದಾರಿಯಲ್ಲಿ ಮಾಯವಾಗುತ್ತದೆ.

ಆ ಕಡೆ ಏನು ನಡೆಯುತ್ತದೆ

ಸಂಘ ಸಂಸ್ಥೆಗಳ ಜಾಲತಾಣಗಳನ್ನು ಇಂದು ಮೊದಲಿನಿಂದ ಕೈಯಲ್ಲಿ ಬರೆಯುವವರು ಕಡಿಮೆ. ಮನೆ ಕಟ್ಟುವವರು ಸಿದ್ಧ ಬಾಗಿಲು ಕಿಟಕಿ ತಂದು ಕೂರಿಸುವಂತೆ ಸಿದ್ಧ ತಂತ್ರಾಂಶದ ಮೇಲೆ ತಾಣ ಕಟ್ಟುತ್ತಾರೆ. ಡ್ರೂಪಲ್ 2001ರಲ್ಲಿ, ವರ್ಡ್‌ಪ್ರೆಸ್ 2003ರಲ್ಲಿ, ಜೂಮ್ಲಾ 2005ರಲ್ಲಿ ಹೊರಬಂದವು. ಇಂಥವನ್ನು ವಿಷಯ ನಿರ್ವಹಣಾ ವ್ಯವಸ್ಥೆ ಎಂದು ಕರೆಯುತ್ತಾರೆ. ಕಂಪ್ಯೂಟರಿನವರ ಬಾಯಲ್ಲಿ ಸಿ.ಎಂ.ಎಸ್. ಪುಟ ಬರೆಯುವುದು, ಚಿತ್ರ ಹಾಕುವುದು, ಸುದ್ದಿ ಬದಲಿಸುವುದು ಇವುಗಳಲ್ಲಿ ಸುಲಭ. ಸದಸ್ಯರಿಂದ ಮಾಹಿತಿ ಪಡೆದು ಉಳಿಸುವ ಅರ್ಜಿಯನ್ನು ಇವುಗಳ ಮೇಲೆ ಕಟ್ಟುವಾಗ ಮಾತ್ರ ಕಟ್ಟುವವರು ಎಚ್ಚರವಾಗಿರಬೇಕು. ಡ್ರೂಪಲ್‌ನ ಸ್ವಂತ ಅರ್ಜಿ ವ್ಯವಸ್ಥೆ ಟಿಕ್ ಆಗದ ಚೌಕಕ್ಕೆ ತಾನೇ ಸೊನ್ನೆ ತುಂಬಿಕೊಳ್ಳುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಹೊಸದಾಗಿ ಚೌಕ ಸೇರಿಸುವವರೇ ಅದನ್ನು ಉಳಿಸುವ, ಅಳಿಸುವ ಎರಡೂ ಕೆಲಸದ ಸೂಚನೆ ಬರೆಯಬೇಕು. ಉಳಿಸುವುದನ್ನು ಎಲ್ಲರೂ ಬರೆಯುತ್ತಾರೆ. ಅಳಿಸುವುದನ್ನು ಮರೆಯುವವರೇ ಹೆಚ್ಚು.

ಗೌರಿಯ ವಿಮೆಯನ್ನೇ ತೆಗೆದುಕೊಳ್ಳಿ. ಸರ್ವರಿನಲ್ಲಿರುವ ತಂತ್ರಾಂಶಕ್ಕೆ ಹೀಗೊಂದು ಸೂಚನೆ ಇದೆಯೆಂದು ಭಾವಿಸೋಣ: "ವಿಮೆಯ ಉತ್ತರ ಬಂದರೆ ಹಳೆಯದನ್ನು ತೆಗೆದು ಹೊಸದನ್ನು ಬರೆ." ಕೇಳಲು ಸರಿಯಾಗಿಯೇ ಇದೆ. ಆದರೆ ಟಿಕ್ ತೆಗೆದಾಗ ಉತ್ತರವೇ ಬರುವುದಿಲ್ಲವಲ್ಲ! ಉತ್ತರ ಬರಲಿಲ್ಲವಾದ್ದರಿಂದ ತಂತ್ರಾಂಶ ಏನೂ ಮಾಡದೆ ಸುಮ್ಮನಿರುತ್ತದೆ. ಹೋದ ವರ್ಷದ "ಹೌದು" ಹಾಗೆಯೇ ಕೂತಿರುತ್ತದೆ. ಮಗ ತೆಗೆದ ಟಿಕ್ ಸರ್ವರಿನಲ್ಲಿ ತೆಗೆದಂತೆ ಆಗಲೇ ಇಲ್ಲ. "ಅರ್ಜಿ ಯಶಸ್ವಿಯಾಗಿ ಸಲ್ಲಿಕೆಯಾಗಿದೆ" ಎಂಬ ಹಸಿರು ಪಟ್ಟಿ ಮಾತ್ರ ಬಂದಿರುತ್ತದೆ.

ಇದರಿಂದ ಆಗುವ ಕೇಡು ತಡವಾಗಿ ತಿಳಿಯುತ್ತದೆ. ವಿಮೆ ಮಾಡಿಸದವರ ಪಟ್ಟಿ ತೆಗೆದು ಅವರಿಗೆ ನೆನಪಿನ ಸಂದೇಶ ಕಳುಹಿಸೋಣ ಎಂದು ಕಚೇರಿಯವರು ಹೊರಟರೆ ಆ ಪಟ್ಟಿಯಲ್ಲಿ ಗೌರಿಯ ಹೆಸರಿಲ್ಲ. ದಾಖಲೆಯ ಪ್ರಕಾರ ಅವಳಿಗೆ ವಿಮೆ ಇದೆ. ವಿಮೆ ಕಂತಿನಲ್ಲಿ ಏನಾದರೂ ರಿಯಾಯಿತಿ ಬಂದರೂ ತಂದೆಗೆ ಕರೆ ಬರುವುದಿಲ್ಲ. ರಾಸು ಸತ್ತ ದಿನ ವಿಮಾ ಕಂಪನಿ ನೋಡುವುದು ಪಾಲಿಸಿಯನ್ನು ಮತ್ತು ಕಿವಿಯೋಲೆಯನ್ನು. ಜಾಲತಾಣದ ಹಳೆಯ ಟಿಕ್ ಗುರುತನ್ನಲ್ಲ.

ಈ ತಪ್ಪನ್ನು ಕಂಡುಕೊಂಡ ತಂತ್ರಾಂಶದವರು ಕೆಲವೊಮ್ಮೆ ಅವಸರದಲ್ಲಿ ಇದರ ತಲೆಕೆಳಗಾದ ಇನ್ನೊಂದು ತಪ್ಪು ಮಾಡುತ್ತಾರೆ. "ಉತ್ತರ ಬಾರದಿದ್ದರೆ ಇಲ್ಲ ಎಂದು ಬರೆದುಬಿಡು" ಎಂಬ ಸೂಚನೆ ಕೊಡುತ್ತಾರೆ. ಈಗ ಗೌರಿಯ ವಿಮೆ ಸರಿಹೋಯಿತು. ಆದರೆ ಕಚೇರಿಯಲ್ಲಿ ಯಾರೋ ಸದಸ್ಯರ ಫೋನ್ ನಂಬರು ಮಾತ್ರ ತಿದ್ದಲು ಚಿಕ್ಕದೊಂದು ಪುಟ ತೆರೆಯುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಇಂಥದ್ದಕ್ಕೆ "ಕ್ವಿಕ್ ಎಡಿಟ್" ಎಂಬ ಸೌಲಭ್ಯವೇ ಇದೆ. ಆ ಚಿಕ್ಕ ಪುಟದಲ್ಲಿ ಲಸಿಕೆ, ವಿಮೆಯ ಚೌಕಗಳು ಇರುವುದೇ ಇಲ್ಲ. ಅಲ್ಲಿಂದ ಉಳಿಸಿದ ಕೂಡಲೇ "ಉತ್ತರ ಬಂದಿಲ್ಲ, ಆದ್ದರಿಂದ ಇಲ್ಲ" ಎಂದು ಆ ಸದಸ್ಯರ ಎಲ್ಲ ಟಿಕ್‌ಗಳೂ ಅಳಿಸಿಹೋಗುತ್ತವೆ. ಫೋನ್ ನಂಬರು ತಿದ್ದಿದವರಿಗೆ ತಾವು ಲಸಿಕೆಯ ದಾಖಲೆ ಅಳಿಸಿದೆವೆಂಬ ಅರಿವೇ ಇರುವುದಿಲ್ಲ. ಹೀಗೆ ನೂರು ಸದಸ್ಯರ ನಂಬರು ತಿದ್ದಿದರೆ ನೂರು ಸದಸ್ಯರ ವಿವರ ಹೋಯಿತು.

ಎರಡೂ ತಪ್ಪುಗಳ ಬೇರು ಒಂದೇ. "ಕೇಳಿದೆವು, ಇಲ್ಲ ಎಂದರು" ಎಂಬುದನ್ನೂ "ಕೇಳಲೇ ಇಲ್ಲ" ಎಂಬುದನ್ನೂ ತಂತ್ರಾಂಶ ಒಂದೇ ಎಂದು ತಿಳಿಯುತ್ತದೆ.

ಇದಕ್ಕೆ ಪರಿಹಾರ ನಮ್ಮ ರಿಜಿಸ್ಟರಿನಲ್ಲೇ ಇದೆ. ಕೆಲವು ಕಾರ್ಯದರ್ಶಿಗಳು ಹಾಲು ಅಳೆಯುವ ಮೊದಲೇ ಆ ಹೊತ್ತಿನ ಪುಟದಲ್ಲಿ ಎಲ್ಲ ಸದಸ್ಯರ ಮುಂದೂ ಪೆನ್ಸಿಲಿನಲ್ಲಿ ಅಡ್ಡ ಗೆರೆ ಹಾಕಿಬಿಡುತ್ತಾರೆಂದು ಇಟ್ಟುಕೊಳ್ಳಿ. ಹಾಲು ತಂದವರ ಗೆರೆಯ ಮೇಲೆ ಶಾಯಿಯಲ್ಲಿ ಲೀಟರು ಬರುತ್ತದೆ. ತಾರದವರ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಗೆರೆಯೂ ಇಲ್ಲದ ಪುಟ ಸಿಕ್ಕಿದರೆ ಆ ಹೊತ್ತು ರಿಜಿಸ್ಟರನ್ನೇ ತೆರೆದಿಲ್ಲವೆಂದು ಅರ್ಥ. ಅಂತರ್ಜಾಲದ ಅರ್ಜಿಯಲ್ಲಿಯೂ ಹೀಗೆಯೇ ಪ್ರತಿ ಚೌಕದ ಹಿಂದೆ ಕಣ್ಣಿಗೆ ಕಾಣದ ಇನ್ನೊಂದು ಖಾನೆಯನ್ನು ಅದೇ ಹೆಸರಿನಲ್ಲಿ ಇಡುತ್ತಾರೆ. ಅದರಲ್ಲಿ ಮೊದಲೇ ಸೊನ್ನೆ ತುಂಬಿರುತ್ತದೆ. ಮುಂದಿನ ಚೌಕಕ್ಕೆ ಟಿಕ್ ಬಿದ್ದರೆ ಸೊನ್ನೆಯ ಹಿಂದೆಯೇ ಒಂದು ಎಂಬ ಅಂಕಿ ಹೋಗಿ ಅದೇ ನಿಲ್ಲುತ್ತದೆ. ಟಿಕ್ ಬೀಳದಿದ್ದರೆ ಸೊನ್ನೆ ಹೋಗಿ ತಲುಪುತ್ತದೆ. ಪ್ರಶ್ನೆಯೇ ಇಲ್ಲದ ಪುಟದಿಂದ ಎರಡೂ ಹೋಗುವುದಿಲ್ಲ, ಆಗ ಹಳೆಯ ದಾಖಲೆಯನ್ನು ಮುಟ್ಟಬಾರದೆಂದು ತಂತ್ರಾಂಶಕ್ಕೆ ತಿಳಿಯುತ್ತದೆ. ಬಹಳ ಸಣ್ಣ ಉಪಾಯ. ರೂಬಿ ಆನ್ ರೈಲ್ಸ್ ಎಂಬ ತಂತ್ರಾಂಶ ಚೌಕ ಹಾಕಿದಾಗಲೆಲ್ಲ ಇದನ್ನು ತಾನಾಗಿಯೇ ಸೇರಿಸುತ್ತದೆ. ತಾನಾಗಿ ಸೇರಿಸದ ಕಡೆ ಕಟ್ಟುವವರು ನೆನಪಿಟ್ಟು ಸೇರಿಸಬೇಕು.

ಹಲವು ಚೌಕಗಳ ಸಾಲು

ಒಂದೇ ಪ್ರಶ್ನೆಗೆ ಹಲವು ಚೌಕಗಳಿರುವಾಗ ಬೇರೊಂದು ತೊಂದರೆ ಇದೆ. "ಈ ವರ್ಷ ಹಾಕಿಸಿದ ಲಸಿಕೆಗಳು" ಎಂದು ಕೇಳಿ ಕೆಳಗೆ ಕಾಲುಬಾಯಿ ರೋಗ, ಚಪ್ಪೆ ಬೇನೆ, ಗಳಲೆ ರೋಗ, ಚರ್ಮಗಂಟು ರೋಗ ಎಂದು ನಾಲ್ಕು ಚೌಕ ಕೊಟ್ಟಿದ್ದಾರೆ. ನೀವು ನಾಲ್ಕಕ್ಕೂ ಟಿಕ್ ಮಾಡುತ್ತೀರಿ. ವರ್ಡ್‌ಪ್ರೆಸ್, ಡ್ರೂಪಲ್, ಜೂಮ್ಲಾ ಮೂರೂ ಪಿ.ಎಚ್.ಪಿ. ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದವು. ಆ ಭಾಷೆಯಲ್ಲಿ ನಾಲ್ಕು ಚೌಕಕ್ಕೂ ಒಂದೇ ಹೆಸರಿಟ್ಟು, ಇದು ಪಟ್ಟಿ ಎಂದು ತಿಳಿಸುವ ಚೌಕಾವರಣದ ಗುರುತನ್ನು ಹೆಸರಿನ ಮುಂದೆ ಹಾಕಲು ಮರೆತರೆ, ಕೊನೆಯ ಉತ್ತರ ಮಾತ್ರ ಉಳಿಯುತ್ತದೆ. ನಾಲ್ಕು ಲಸಿಕೆ ಹಾಕಿಸಿದ ರಾಸು ದಾಖಲೆಯಲ್ಲಿ ಚರ್ಮಗಂಟು ಲಸಿಕೆ ಮಾತ್ರ ಪಡೆದ ರಾಸು ಆಗುತ್ತದೆ. ಇನ್ನೊಂದು ಬಗೆಯೂ ಉಂಟು. ಪ್ರತಿ ಚೌಕಕ್ಕೆ ಅದರದೇ ಉತ್ತರವನ್ನು ಬರೆದಿಡದಿದ್ದರೆ ಮೊಬೈಲು "ಆನ್" ಎಂಬ ಒಂದೇ ಪದವನ್ನು ಕಳುಹಿಸುತ್ತದೆ. ನಾಲ್ಕು ಚೌಕದಲ್ಲಿ ಎರಡಕ್ಕೆ ಟಿಕ್ ಮಾಡಿದರೆ "ಆನ್, ಆನ್" ಎಂದು ಹೋಗುತ್ತದೆ. ಯಾವ ಎರಡು ಎಂದು ದೇವರಿಗೇ ಗೊತ್ತು.

ಕನ್ನಡದ ಅರ್ಜಿಗಳಿಗೇ ವಿಶೇಷವಾದ ಒಂದು ಮಾತು ಹೇಳಬೇಕು. ಚೌಕದ ಪಕ್ಕದಲ್ಲಿ ಕಾಣುವ ವಾಕ್ಯವನ್ನೇ ಉತ್ತರವೆಂದು ಉಳಿಸುವವರಿದ್ದಾರೆ. "ಲಸಿಕೆ ಹಾಕಿಸಿದೆ" ಎಂಬ ವಾಕ್ಯ ದಾಖಲೆಯಲ್ಲಿ ಕೂರುತ್ತದೆ. ಮುಂದಿನ ವರ್ಷ ಭಾಷೆ ಚೆನ್ನಾಗಿ ಮಾಡೋಣವೆಂದು "ಲಸಿಕೆ ಹಾಕಿಸಲಾಗಿದೆ" ಎಂದು ತಿದ್ದಿದರೆ ಹಳೆಯ ವಾಕ್ಯಕ್ಕೂ ಹೊಸದಕ್ಕೂ ತಾಳೆಯಾಗದೆ ಹಿಂದಿನ ಟಿಕ್‌ಗಳು ಪರದೆಯ ಮೇಲೆ ಕಾಣುವುದೇ ಇಲ್ಲ. ಇನ್ನು ಬರಹ 1998ರಲ್ಲಿ ಬಂದಿತು, ಕನ್ನಡ ಗಣಕ ಪರಿಷತ್ತಿನ ನುಡಿ ಅದರ ನಂತರ ಬಂದಿತು. ಅವುಗಳ ಹಳೆಯ ಅಕ್ಷರ ವಿನ್ಯಾಸದಲ್ಲಿ ಬೆರಳಚ್ಚು ಮಾಡಿದ "ಹೌದು" ಮತ್ತು ಇಂದಿನ ಯೂನಿಕೋಡಿನ "ಹೌದು" ನಮ್ಮ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಅಜಗಜಾಂತರ. ಆದ್ದರಿಂದ ದಾಖಲೆಯಲ್ಲಿ 1, 0 ಎಂಬಂಥ ಸಂಕೇತ ಇರಬೇಕು. ಕನ್ನಡ ವಾಕ್ಯ ಪರದೆಯ ಮೇಲೂ ಅಚ್ಚಿನ ಪ್ರತಿಯ ಮೇಲೂ ಇರಬೇಕು. ಕನ್ನಡವನ್ನು ಬಿಡಬೇಕೆಂದು ಯಾರೂ ಅಪಾರ್ಥ ಮಾಡಿಕೊಳ್ಳಬಾರದು.

ಟಿಕ್‌ಗೆ ಹೊಂದದ ಪ್ರಶ್ನೆಗಳು

ತಂತ್ರಾಂಶ ಎಷ್ಟೇ ಚೆನ್ನಾಗಿದ್ದರೂ ಕೆಲವು ಪ್ರಶ್ನೆಗಳನ್ನು ಟಿಕ್ ಚೌಕದಲ್ಲಿ ಕೇಳುವುದೇ ತಪ್ಪು. ಕಾಲುಬಾಯಿ ರೋಗ ಮತ್ತು ಕಂದುರೋಗದ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವನ್ನು 2019ರ ಸೆಪ್ಟೆಂಬರಿನಲ್ಲಿ ಆರಂಭಿಸಿತು. ಕಾಲುಬಾಯಿ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕು. ಹಾಗಿರುವಾಗ "ಹಾಕಿಸಿದೆ" ಎಂಬ ಟಿಕ್ ಯಾವ ಸುತ್ತಿನದು? ಆರು ತಿಂಗಳು ಕಳೆದ ಮೇಲೆ ಆ ಟಿಕ್ ಸುಳ್ಳಾಗುತ್ತದೆ, ಆದರೆ ಅಳಿಸುವುದಿಲ್ಲ. ಇಲ್ಲಿ ಕೇಳಬೇಕಾದದ್ದು ದಿನಾಂಕ. ಗಬ್ಬ ತುಂಬಿದ ಹಸುವೆಂದು ಆ ಸುತ್ತಿನಲ್ಲಿ ಬಿಟ್ಟಿದ್ದರೆ ಅದನ್ನೂ ಬರೆಯಲು ಜಾಗವಿರಬೇಕು. ಕರು ಹಾಕಿದ ಮೇಲೆ ಮತ್ತೆ ನೆನಪು ಮಾಡುವವರಿಗೆ ಅದು ಬೇಕು.

ಕಂದುರೋಗದ ಲಸಿಕೆ ಇನ್ನೂ ವಿಶೇಷ. ಅದನ್ನು 4ರಿಂದ 8 ತಿಂಗಳೊಳಗಿನ ಹೆಣ್ಣು ಕರುಗಳಿಗೆ ಮಾತ್ರ, ಜೀವಮಾನದಲ್ಲಿ ಒಮ್ಮೆ ಹಾಕುತ್ತಾರೆ. ನಮ್ಮ ಉದಾಹರಣೆಯ ಗೌರಿ ಹಾಲು ಕೊಡುತ್ತಿರುವ ಹಸು. ಅವಳಿಗೆ ಈಗ "ಹೌದು", "ಇಲ್ಲ" ಎರಡಕ್ಕಿಂತ "ಈ ರಾಸಿಗೆ ಅನ್ವಯಿಸದು" ಎಂಬುದೇ ಸರಿಯಾದ ಉತ್ತರವಾಗಬಹುದು, ಕರುವಾಗಿದ್ದಾಗ ಹಾಕಿಸಿದ್ದರೆ "ಹೌದು" ಆಗಬಹುದು. ತಂದೆಗಂತೂ ತಿಳಿಯದು. ಖಾಲಿ ಚೌಕದಲ್ಲಿ ಇಷ್ಟೆಲ್ಲ ಅಡಗಿ ಕೂತಿದೆ. ಅದನ್ನು "ಲಸಿಕೆ ಹಾಕಿಸಿಲ್ಲ" ಎಂದು ಎಣಿಸಿದರೆ ತಾಲ್ಲೂಕಿನ ಲೆಕ್ಕವೇ ಹಾಳು. ಯಲಹಂಕದಲ್ಲಿರುವ ನಿವೇದಿ ಸಂಸ್ಥೆ ದೇಶದ ಯಾವ ಜಿಲ್ಲೆಯಲ್ಲಿ ಯಾವ ಪಶುರೋಗ ಕಾಣಿಸಿಕೊಳ್ಳಬಹುದೆಂದು ಮುನ್ಸೂಚನೆ ಕೊಡುತ್ತದೆ. ಅಂಥ ಲೆಕ್ಕಗಳೆಲ್ಲ ಕೊನೆಗೆ ನಿಂತಿರುವುದು ಹಳ್ಳಿಯಿಂದ ಬರುವ ಅಂಕಿ ಅಂಶಗಳ ಮೇಲೆ.

ಇಂಥ ಕಡೆ ಚೌಕದ ಬದಲು ಹೌದು, ಇಲ್ಲ, ಗೊತ್ತಿಲ್ಲ, ಅನ್ವಯಿಸದು ಎಂದು ದುಂಡನೆಯ ಗುರುತುಗಳನ್ನು ಕೊಟ್ಟು ಒಂದನ್ನು ಆರಿಸಲೇಬೇಕೆಂದು ಮಾಡಬೇಕು. ಅರ್ಜಿ ಉದ್ದವಾಗುತ್ತದೆಂದು ಕೆಲವರು ಗೊಣಗುತ್ತಾರೆ. ಆಗಲಿ, ಉದ್ದವಾಗಲಿ.

"ಯಾವುದೂ ಬೇಡ" ಎಂಬುದಕ್ಕೂ ಒಂದು ಗುಂಡಿ ಬೇಕೆಂಬುದನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಮತ್ತಿಕೆರೆಗೆ ಹೆಚ್ಚು ದೂರವಿಲ್ಲದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಇದೆ. ನೀವು ಮತ ಹಾಕುವ ವಿದ್ಯುನ್ಮಾನ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಅದೂ ಒಂದು. 2013ಕ್ಕೆ ಮೊದಲು ಯಾವ ಅಭ್ಯರ್ಥಿಯೂ ಬೇಡವೆನ್ನುವ ಮತದಾರರು ಮತಗಟ್ಟೆಯ ಅಧಿಕಾರಿಗೆ ಹಾಗೆಂದು ಹೇಳಿ ರಿಜಿಸ್ಟರಿನಲ್ಲಿ ಬರೆಸಬೇಕಾಗಿತ್ತು, ಗುಟ್ಟು ಉಳಿಯುತ್ತಿರಲಿಲ್ಲ. ಮನೆಯಲ್ಲೇ ಉಳಿದರೆ ಸೋಮಾರಿತನವೋ ಅಸಮ್ಮತಿಯೋ ತಿಳಿಯುತ್ತಿರಲಿಲ್ಲ. 2013ರ ಸೆಪ್ಟೆಂಬರ್ 27ರ ತೀರ್ಪಿನ ನಂತರ ಯಂತ್ರದಲ್ಲಿ "ನೋಟಾ" ಗುಂಡಿ ಬಂದಿತು. ನಮ್ಮ ರಾಜ್ಯದ ವಿಧಾನಸಭಾ ಚುನಾವಣೆ ಆ ವರ್ಷದ ಮೇ ತಿಂಗಳಲ್ಲೇ ಮುಗಿದಿದ್ದರಿಂದ ಲೋಕಸಭೆಗೆ ನಾವು ಅದನ್ನು ಮೊದಲು ಕಂಡದ್ದು 2014ರಲ್ಲಿ. ಸುಮ್ಮನಿರುವುದು ಬೇರೆ, "ಬೇಡ" ಎನ್ನುವುದು ಬೇರೆ ಎಂಬ ಅದೇ ವಿಚಾರ ನಮ್ಮ ಅರ್ಜಿಗಳಿಗೂ ಅನ್ವಯಿಸುತ್ತದೆ.

ಮೊದಲೇ ಬಿದ್ದಿರುವ ಟಿಕ್

ಇಲ್ಲಿಯವರೆಗೆ ಹೇಳಿದ್ದು ಖಾಲಿ ಚೌಕದ ಕಥೆ. ಅದರ ಎದುರು ಬದಿಯನ್ನೂ ನೋಡಿ. ಅರ್ಜಿ ತೆರೆದಾಗಲೇ "ನಾನು ಒಪ್ಪಿರುತ್ತೇನೆ" ಎಂಬ ಚೌಕಕ್ಕೆ ಟಿಕ್ ಬಿದ್ದಿರುತ್ತದೆ. ನೀವು ಗಮನಿಸದೆ ಸಲ್ಲಿಸಿದರೆ ನಿಮ್ಮ ಒಪ್ಪಿಗೆ ದಾಖಲಾಯಿತು. ಜರ್ಮನಿಯ ಒಂದು ಲಾಟರಿ ಜಾಲತಾಣದ ಮೇಲಿನ ಪ್ರಕರಣದಲ್ಲಿ ಯೂರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು, ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲವೆಂದು ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲಿಯೂ ಅಂತರ್ಜಾಲದ ಮೂಲಕ ವ್ಯಾಪಾರ ಮಾಡುವವರು ಮೊದಲೇ ಟಿಕ್ ಮಾಡಿದ ಚೌಕಗಳ ಮೂಲಕ ಗ್ರಾಹಕರ ಒಪ್ಪಿಗೆ ದಾಖಲಿಸಬಾರದೆಂದು 2020ರ ಗ್ರಾಹಕ ಸಂರಕ್ಷಣಾ ನಿಯಮಗಳು ಹೇಳುತ್ತವೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆಯಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎಂಬುದು ಅದರ ತಾತ್ಪರ್ಯ. ತೆಗೆದ ಟಿಕ್ ಉಳಿಯದ ಅರ್ಜಿ ಈ ಮಾತಿಗೆ ನೇರ ವಿರುದ್ಧ.

ಸದಸ್ಯರು ಏನು ಮಾಡಬಹುದು

ಅರ್ಜಿಯನ್ನು ಮಕ್ಕಳೇ ತುಂಬಲಿ, ಗ್ರಾಮ ಒನ್ ಕೇಂದ್ರದವರೇ ತುಂಬಲಿ, ಸಲ್ಲಿಸುವ ಮುನ್ನ ಪುಟವನ್ನು ಮೇಲಿನಿಂದ ಕೆಳಗೆ ಒಮ್ಮೆ ಓದಿ ಹೇಳಲು ಕೇಳಿ. ಹಾಕಿದ ಟಿಕ್‌ಗಳನ್ನಷ್ಟೇ ಅಲ್ಲ, ಬಿಟ್ಟ ಚೌಕಗಳನ್ನೂ ಓದಿಸಿ. ಮಕ್ಕಳು ದೂರದಲ್ಲಿದ್ದರೆ ಕಿವಿಯೋಲೆಯ 12 ಅಂಕಿಗಳು, ಲಸಿಕೆ ಹಾಕಿಸಿದ ದಿನಾಂಕ, ವಿಮೆಯ ಅವಧಿ ಮುಗಿಯುವ ದಿನಾಂಕ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅದರ ಫೋಟೋ ಕಳುಹಿಸಿ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಸಲ್ಲಿಸಿದ ಮೇಲೆ ಹಸಿರು ಪಟ್ಟಿ ಬಂದಿತೆಂದು ನಂಬಿ ಏಳಬೇಡಿ. ಅದೇ ಅರ್ಜಿಯನ್ನು ಮತ್ತೆ ತೆರೆಸಿ. ಈಗ ಕಾಣುವುದು ಮೊಬೈಲಿನ ನೆನಪಲ್ಲ, ಸರ್ವರಿನಲ್ಲಿ ಉಳಿದಿರುವ ದಾಖಲೆ. ತೆಗೆದ ಟಿಕ್ ಮತ್ತೆ ಬಂದು ಕೂತಿದೆಯೇ, ನಾಲ್ಕು ಹಾಕಿದ ಕಡೆ ಒಂದೇ ಉಳಿದಿದೆಯೇ ಎಂದು ಅಲ್ಲಿಯೇ ತಿಳಿಯುತ್ತದೆ. ಅಚ್ಚಿನ ಪ್ರತಿ ಸಿಗುವಂತಿದ್ದರೆ ತೆಗೆದುಕೊಂಡು ಪಾಸ್ ಪುಸ್ತಕದೊಳಗೆ ಇಟ್ಟುಕೊಳ್ಳಿ. ದಾಖಲೆ ತಪ್ಪಾಗಿದ್ದರೆ ಆ ಪ್ರತಿಯ ಮೇಲೆಯೇ ಸರಿಯಾದದ್ದನ್ನು ಬರೆದು, ಸಹಿ ಮಾಡಿ, ಸಂಘದ ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಕಾರ್ಯದರ್ಶಿಗಳಲ್ಲಿ ಮತ್ತು ತಾಣ ಮಾಡಿಸುವ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಹೊಸ ಅರ್ಜಿ ಸಿದ್ಧವಾಯಿತೆಂದು ತಂತ್ರಾಂಶದವರು ತಂದು ತೋರಿಸಿದಾಗ ಬಣ್ಣ, ಚಿತ್ರ ನೋಡಿ ಒಪ್ಪಿಕೊಳ್ಳಬೇಡಿ. ಕಚೇರಿಯಲ್ಲೇ ಕೂತು ಒಂದು ರಾಸಿನ ವಿವರ ತುಂಬಿ, ಎಲ್ಲ ಚೌಕಗಳಿಗೂ ಟಿಕ್ ಹಾಕಿ ಉಳಿಸಿ, ಮತ್ತೆ ತೆರೆದು ನೋಡಿ. ಎರಡು ಚೌಕಗಳ ಟಿಕ್ ತೆಗೆದು ಉಳಿಸಿ, ಮತ್ತೆ ತೆರೆಯಿರಿ. ಎಲ್ಲವನ್ನೂ ತೆಗೆದು ಉಳಿಸಿ, ಮತ್ತೆ ತೆರೆಯಿರಿ. ಎಷ್ಟೋ ಅರ್ಜಿಗಳು ಎರಡನೆಯ ಪರೀಕ್ಷೆಯಲ್ಲಿ ಗೆದ್ದು ಇಲ್ಲಿ ಸೋಲುತ್ತವೆ, ಏಕೆಂದರೆ ಸಾಲಿನ ಒಂದು ಟಿಕ್ ಉಳಿದಿದ್ದರೂ ಉತ್ತರ ಹೋಗುತ್ತದೆ, ಒಂದೂ ಇಲ್ಲದಿದ್ದರೆ ಹೋಗುವುದಿಲ್ಲ. ಕೊನೆಯದಾಗಿ ಟಿಕ್‌ಗಳನ್ನು ಮತ್ತೆ ಹಾಕಿ ಉಳಿಸಿ, ಬೇರೊಂದು ಪುಟದಿಂದ ಆ ಸದಸ್ಯರ ಫೋನ್ ನಂಬರನ್ನು ಮಾತ್ರ ಬದಲಿಸಿ, ಟಿಕ್‌ಗಳು ಹಾಗೆಯೇ ಇವೆಯೇ ನೋಡಿ. ಎಲ್ಲ ಸೇರಿ ಕಾಲು ಗಂಟೆಯ ಕೆಲಸ. ಇದರಲ್ಲಿ ಯಾವುದೊಂದು ತಪ್ಪಿದರೂ ಸರಿಪಡಿಸಿ ತರುವವರೆಗೆ ಆ ಅರ್ಜಿಯನ್ನು ಸದಸ್ಯರಿಗೆ ಬಿಡಬೇಡಿ, ಬಾಕಿ ಹಣವನ್ನೂ ತಡೆಹಿಡಿಯಿರಿ.